ಗೋಧಿಯ ಗುಣ ಯಾವ ಗಡಿಗೆಯಲ್ಲಿ?

(ರೇಡಿಯೋ ಭಾಷಣ)

ನಮ್ಮ ಕಡೆ ಮದುವೆಯಾಗಲಿ, ಜಾತ್ರೆಯಾಗಲಿ, ಗೋಧಿ ಹುಗ್ಗಿಯಿಲ್ಲದೆ ಪೂರ್ತಿಯಾಯಿತೆಂದು ಯಾರೂ ಒಪ್ಪುವುದಿಲ್ಲ. ಆ ಹುಗ್ಗಿಗೆ ಬೇಕಾದುದು ಚಪಾತಿಯ ಗೋಧಿಯಲ್ಲ, ಜವೆ ಗೋಧಿ. ಕೆಲವರು ಇದನ್ನು ಸದಕವೆನ್ನುತ್ತಾರೆ. ಮರಾಠಿ ಸೀಮೆಯವರು ಖಪಲಿ ಎನ್ನುತ್ತಾರೆ. ಒಕ್ಕಿದರೂ ಇದರ ಕಾಳು ಹೊಟ್ಟನ್ನು ಬಿಟ್ಟು ಬರುವುದಿಲ್ಲ. ಒರಳಿಗೆ ಹಾಕಿ ಕುಟ್ಟಬೇಕು, ಕೇರಬೇಕು, ಮತ್ತೆ ಕುಟ್ಟಬೇಕು. ಇಷ್ಟು ದುಡಿಸಿಕೊಂಡ ಮೇಲೆಯೇ ಅದು ತನ್ನ ರುಚಿಯನ್ನು ಕೊಡುತ್ತದೆ. ಕುಟ್ಟುವ ಕೈಗಳು ಮನೆಮನೆಯಲ್ಲಿಯೂ ಇದ್ದ ಕಾಲದಲ್ಲಿ ಇದು ಒಂದು ದೋಷವೆಂದು ಯಾರಿಗೂ ತೋರಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳಕ್ಕೆ ಹೋಗಿದ್ದೆ. ಗೋಧಿಯ ತೆನೆಗಳನ್ನು ಸಾಲಾಗಿ ಕಟ್ಟಿ ಇರಿಸಿದ್ದ ಮಳಿಗೆಯ ಮುಂದೆ ಜನ ನೆರೆದಿತ್ತು. ಜವೆ ಗೋಧಿಯಲ್ಲಿ ರೋಗವನ್ನು ತಡೆಯುವ ಗುಣವಿದೆಯೆಂದೂ, ಆ ಗುಣ ಯಾವ ವರ್ಣತಂತುವಿನ ಮೇಲಿದೆಯೆಂಬುದನ್ನು ಕೂಡ ವಿಜ್ಞಾನಿಗಳು ಗುರುತಿಸಿದ್ದಾರೆಂದೂ ನಾನು ಪಕ್ಕದವರಿಗೆ ಹೇಳುತ್ತಿದ್ದೆ. ತಲೆಗೆ ರುಮಾಲು ಸುತ್ತಿದ್ದ ಹಿರಿಯ ರೈತರೊಬ್ಬರು ಅದನ್ನು ಕೇಳಿಸಿಕೊಂಡು ಒಂದು ಪ್ರಶ್ನೆ ಹಾಕಿದರು: “ಸರ, ರೋಗ ತಡಿಯೂ ಗುಣ ಇದರೊಳಗ ಐತಿ ಅನ್ನೂದು ಗೊತ್ತಾತಲ್ರಿ. ಮತ್ತ ಅದು ಎಲ್ಲೈತಿ ಅಂತ ಹುಡುಕೂದು ಯಾಕ್ರಿ? ಮನ್ಯಾಗ ಕಾಳು ಐತಿ ಅಂದ್ರ ಆತು. ಯಾವ ಗಡಿಗ್ಯಾಗ ಐತಿ ಅಂತ ತಿಳಕೊಂಡು ನಮಗೇನಾಗೂದೈತಿ?”

ಸುತ್ತಲಿನವರು ನಕ್ಕರು. ನಾನೂ ನಕ್ಕೆ. ಏನೋ ಒಂದು ಉತ್ತರವನ್ನೂ ಕೊಟ್ಟೆ. ಆದರೆ ಆ ಉತ್ತರ ಅವರಿಗೆ ಒಪ್ಪಿಗೆಯಾಗಲಿಲ್ಲವೆಂಬುದು ಅವರ ಮುಖದಲ್ಲಿಯೇ ಕಾಣುತ್ತಿತ್ತು. ನನಗೂ ಒಪ್ಪಿಗೆಯಾಗಿರಲಿಲ್ಲ. ಅಂದು ಮಳಿಗೆಯ ಮುಂದೆ ಹೇಳಲಾರದೆ ಹೋದುದನ್ನು ಇಂದು ಹೇಳಲು ಯತ್ನಿಸುತ್ತೇನೆ.

ಅವರು ಗಡಿಗೆಯ ಮಾತನ್ನೆತ್ತಿದುದು ನನಗೆ ಉಪಕಾರವೇ ಆಯಿತು. ರೇಡಿಯೋದಲ್ಲಿ ಮಾತನಾಡುವವನು ಕೇಳುಗರಿಗೆ ಚಿತ್ರ ಬರೆದು ತೋರಿಸುವಂತಿಲ್ಲ. ಸೂಕ್ಷ್ಮದರ್ಶಕವನ್ನು ಕಣ್ಣಿಗೆ ಹಿಡಿಯುವಂತಿಲ್ಲ. ನಮ್ಮ ಹಳೆಯ ಮನೆಗಳಲ್ಲಿ ಅಡಕಲ ಗಡಿಗೆಗಳಿರುತ್ತಿದ್ದುವು. ಒಂದರ ಮೇಲೊಂದು ಪೇರಿಸಿದ ಗಡಿಗೆಗಳು. ಒಂದರಲ್ಲಿ ಹೆಸರು, ಒಂದರಲ್ಲಿ ಮಡಿಕೆ, ಒಂದರಲ್ಲಿ ಬಿತ್ತುವ ಬೀಜ. ಗೋಧಿಯ ಜೀವಕೋಶದೊಳಗೂ ಇಂಥ ಅಡಕಲುಗಳಿವೆ ಎಂದು ಭಾವಿಸೋಣ. ಜೀವಕೋಶದ ನಡುವಣ ಕೇಂದ್ರದಲ್ಲಿ, ಬಣ್ಣ ಹಾಕಿದಾಗ ಎದ್ದು ಕಾಣುವ ನೂಲಿನಂಥ ವಸ್ತುಗಳುಂಟು. ಬಣ್ಣ ಹಿಡಿಯುವುದರಿಂದಲೇ ಅವಕ್ಕೆ ವರ್ಣತಂತುಗಳೆಂದು ಹೆಸರು. ಇವೇ ನಮ್ಮ ಗಡಿಗೆಗಳು. ಗಿಡದ ಎತ್ತರ, ಕಾಳಿನ ಬಣ್ಣ, ರೋಗವನ್ನು ತಡೆಯುವ ಶಕ್ತಿ ಮುಂತಾದ ಗುಣಗಳನ್ನು ತಾಯಿತಂದೆಯಿಂದ ಮಕ್ಕಳಿಗೆ ಒಯ್ಯುವ ಜೀನುಗಳು ಈ ಗಡಿಗೆಗಳೊಳಗಿನ ಕಾಳುಗಳು. ಪ್ರತಿ ಗಡಿಗೆಗೂ ಒಂದು ಜೊತೆಯುಂಟು. ಒಂದು ತಾಯಿಯ ಕಡೆಯದು, ಇನ್ನೊಂದು ತಂದೆಯ ಕಡೆಯದು.

ನಮ್ಮ ಸೀಮೆಯಲ್ಲಿ ಬೆಳೆಯುವ ಗೋಧಿ ಮೂರು ಬಗೆಯದು. ಚಪಾತಿಗೆ ಒಗ್ಗುವ ಸಾಮಾನ್ಯ ಗೋಧಿ ಒಂದು. ಎರೆಭೂಮಿಯಲ್ಲಿ ಹಿಂಗಾರಿಗೆ ಬಿತ್ತಿ, ಮಣ್ಣಿನಲ್ಲಿ ಉಳಿದ ಹಸಿಯ ಮೇಲೆಯೇ ಬೆಳೆಯುತ್ತಿದ್ದ ಬಿಜಗದಂಥ ಗಟ್ಟಿ ಗೋಧಿ ಇನ್ನೊಂದು. ವಿಜ್ಞಾನಿಗಳು ಇದನ್ನು ಡ್ಯೂರಂ ಎನ್ನುತ್ತಾರೆ. ಮೂರನೆಯದು ಜವೆ, ಅವರ ಭಾಷೆಯಲ್ಲಿ ಡೈಕೊಕಂ. ಸಾಮಾನ್ಯ ಗೋಧಿಯಲ್ಲಿ 42 ವರ್ಣತಂತುಗಳು, ಎಂದರೆ 21 ಜೊತೆ. ಡ್ಯೂರಂ ಮತ್ತು ಜವೆಗಳಲ್ಲಿ 28, ಎಂದರೆ 14 ಜೊತೆ. ಪಶ್ಚಿಮ ಏಷ್ಯದ ಕೆಲವು ಕಾಡು ಗೋಧಿಗಳಲ್ಲಿ 14 ಮಾತ್ರ.

ಈ ಏಳರ ಮಗ್ಗಿಯಲ್ಲಿ ಗೋಧಿಯ ಇತಿಹಾಸವೇ ಅಡಗಿದೆ. ಕಾಡಿನ ಒಂದು ಗೋಧಿ ಮತ್ತೊಂದು ಹುಲ್ಲಿನೊಡನೆ ಬೆರೆತು ಎರಡರ ವರ್ಣತಂತುಗಳೂ ಒಂದೇ ಸಸ್ಯದಲ್ಲಿ ನೆಲೆಸಿದುವು. ಹೀಗೆ ಹುಟ್ಟಿದ ಕಾಡುಗೋಧಿಯನ್ನು ಮನುಷ್ಯ ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ ಹೊಲಕ್ಕೆ ತಂದ. ಜವೆಯ ವಂಶ ಅಲ್ಲಿಂದ ಬಂದುದು. ಅನಂತರ ಮನುಷ್ಯನ ಹೊಲದ ಬದುವಿನಲ್ಲಿ ಕಳೆಯಾಗಿ ಬೆಳೆದಿದ್ದ ಮೂರನೆಯ ಹುಲ್ಲೊಂದರ ಪರಾಗ ಈ ಗೋಧಿಗೆ ಬಿದ್ದು, 42 ವರ್ಣತಂತುಗಳ ಸಾಮಾನ್ಯ ಗೋಧಿ ಹುಟ್ಟಿತು. ಆ ಮೂರನೆಯ ಹುಲ್ಲು ಯಾವುದೆಂಬುದನ್ನು 1944ರಲ್ಲಿ ಜಪಾನಿನ ಕಿಹರಾ ಅವರೂ ಅಮೆರಿಕದ ಮ್ಯಾಕ್‌ಫ್ಯಾಡೆನ್ ಮತ್ತು ಸಿಯರ್ಸ್ ಅವರೂ ಬೇರೆ ಬೇರೆಯಾಗಿಯೇ ಕಂಡುಹಿಡಿದರು. ಎರಡು ದೇಶಗಳೂ ಆಗ ಒಂದರ ಮೇಲೊಂದು ಯುದ್ಧ ಹೂಡಿದ್ದುವು. ಹುಲ್ಲಿನ ವಿಷಯದಲ್ಲಿ ಮಾತ್ರ ಎರಡೂ ಕಡೆಯವರಿಗೆ ಒಂದೇ ಸತ್ಯ ಕಂಡಿತು. ಮೂರು ಮೂಲಗಳಿಗೆ ಎ, ಬಿ, ಡಿ ಎಂದು ಹೆಸರಿಟ್ಟು, ಒಂದೊಂದರಲ್ಲಿಯೂ 1ರಿಂದ 7ರವರೆಗೆ ಎಣಿಸುವುದು ವಾಡಿಕೆ. 6ಎ ಎಂದರೆ ಎ ಅಡಕಲಿನ ಆರನೆಯ ಗಡಿಗೆ, ಅಷ್ಟೆ. ಜವೆಯಲ್ಲಿ ಎ ಮತ್ತು ಬಿ ಅಡಕಲುಗಳು ಮಾತ್ರ ಇವೆ.

ಇನ್ನು ಆ ರೈತರು ಹೇಳಿದ ರೋಗದ ಮಾತು. ಗೋಧಿಗೆ ಬರುವ ತುಕ್ಕು ರೋಗವನ್ನು ನಮ್ಮ ಕಡೆ ಭಂಡಾರ ರೋಗವೆಂದೂ ಕರೆಯುತ್ತಾರೆ. ಎಲೆಯನ್ನು ಮುಟ್ಟಿದರೆ ದೇವರ ಭಂಡಾರದಂಥ ಪುಡಿ ಬೆರಳಿಗೆ ಹತ್ತುತ್ತದೆ. ಆದರೆ ಅದು ದೇವರ ಪ್ರಸಾದವಲ್ಲ. ಅದು ಒಂದು ಬೂಷ್ಟಿನ ಬೀಜಕಣ. ಎಲೆಯ ತುಕ್ಕು, ಕಾಂಡದ ತುಕ್ಕು, ಪಟ್ಟೆಯ ತುಕ್ಕು ಎಂದು ಇದರಲ್ಲಿ ಮೂರು ಬಗೆ. ಕಾಂಡದ ತುಕ್ಕು ಹತ್ತಿದರೆ ತೆನೆಗೆ ಹೋಗುವ ಆಹಾರ ನಡುದಾರಿಯಲ್ಲಿಯೇ ಲೂಟಿಯಾಗಿ ಕಾಳು ಜೊಳ್ಳಾಗುತ್ತದೆ. 1946-47ರಲ್ಲಿ ಮಧ್ಯಭಾರತದ ಗೋಧಿ ಹೀಗೆಯೇ ಹಾಳಾಯಿತು.

ಈ ರೋಗ ಪ್ರತಿವರ್ಷ ಎಲ್ಲಿಂದ ಬರುತ್ತದೆ ಎಂಬುದನ್ನು ಪತ್ತೆಹಚ್ಚಿದವರು ಆಗ್ರಾ ಕಾಲೇಜಿನಲ್ಲಿದ್ದ ಕರಮ್ ಚಂದ್ ಮೆಹತಾ. ಬಯಲುಸೀಮೆಯ ಬೇಸಗೆಯ ಬಿಸಿಲಿಗೆ ತುಕ್ಕಿನ ಕಣಗಳು ಉಳಿಯಲಾರವು. ತಂಪಾದ ಬೆಟ್ಟಗಳಲ್ಲಿ ಉಳಿದುಕೊಂಡು, ಅಲ್ಲಿಂದ ಪ್ರತಿವರ್ಷವೂ ಇಳಿದು ಬರುತ್ತವೆ ಎಂದು ಅವರು ವರ್ಷಗಟ್ಟಲೆ ದುಡಿದು ತೋರಿಸಿದರು. ಉತ್ತರದಲ್ಲಿ ಹಿಮಾಲಯ, ದಕ್ಷಿಣದಲ್ಲಿ ನೀಲಗಿರಿ ಮತ್ತು ಪಳನಿ ಬೆಟ್ಟಗಳು ಅದರ ತವರು. ನೀಲಗಿರಿಯ ಕಣಗಳು ಬಂಗಾಳ ಕೊಲ್ಲಿಯ ಚಂಡಮಾರುತಗಳ ಗಾಳಿಯನ್ನೇರಿ ಹೇಗೆ ಮಧ್ಯಭಾರತದವರೆಗೆ ಹೋಗುತ್ತವೆಂಬುದನ್ನು 1970ರ ದಶಕದಲ್ಲಿ ಎಸ್. ನಾಗರಾಜನ್ ಮತ್ತು ಅವರ ಸಹೋದ್ಯೋಗಿಗಳು ವಿವರಿಸಿದರು. ಗಾಳಿಗೆ ಬೇಲಿ ಹಾಕಲಾಗುವುದಿಲ್ಲ. ಆದುದರಿಂದ ಬಾಗಿಲನ್ನು ಗಿಡದಲ್ಲಿಯೇ ಇಡಬೇಕು; ರೋಗವನ್ನು ಒಳಗೆ ಬಿಡದ ಜೀನು ಗಿಡದಲ್ಲಿಯೇ ಇರಬೇಕು.

ಅಂಥ ಜೀನು ಯಾವ ಗಡಿಗೆಯಲ್ಲಿದೆಯೆಂದು ಕಂಡುಹಿಡಿಯುವುದು ಹೇಗೆ? ಜೀನು ಕಣ್ಣಿಗೆ ಕಾಣುವ ವಸ್ತುವಲ್ಲ. ಗಡಿಗೆಯ ಬಾಯಿ ತೆರೆದು ನೋಡುವ ಉಪಾಯ ಆ ಕಾಲದಲ್ಲಿರಲಿಲ್ಲ. ಇಲ್ಲಿ ನೆನೆಯಬೇಕಾದ ಹೆಸರು ಈಗಾಗಲೇ ಹೇಳಿದ ಅರ್ನೆಸ್ಟ್ ಸಿಯರ್ಸ್ ಅವರದು. ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದಲ್ಲಿ ಅವರು ‘ಚೈನೀಸ್ ಸ್ಪ್ರಿಂಗ್’ ಎಂಬ ಸಾಧಾರಣ ಗೋಧಿಯನ್ನು ಹಿಡಿದು ಕುಳಿತರು. ಇಳುವರಿಯಲ್ಲಿ ಅದಕ್ಕೆ ಹೇಳಿಕೊಳ್ಳುವಂಥ ಹೆಸರಿಲ್ಲ. ಆದರೆ ಅದರಿಂದ ಅವರು ಒಂದು ವಿಚಿತ್ರವಾದ ಸಂಸಾರವನ್ನು ಕಟ್ಟಿದರು. 21 ಮನೆಗಳು, ಪ್ರತಿ ಮನೆಯಲ್ಲಿಯೂ ಎಲ್ಲ ಗಡಿಗೆಗಳು ಜೊತೆಜೊತೆಯಾಗಿವೆ, ಒಂದು ಮಾತ್ರ ಒಂಟಿ. ಮೊದಲ ಮನೆಯಲ್ಲಿ 1ಎ ಒಂಟಿ, ಇನ್ನೊಂದರಲ್ಲಿ 1ಬಿ ಒಂಟಿ, ಹೀಗೆ 21. ಬೇರೆ ಸಸ್ಯವಾಗಿದ್ದರೆ ಒಂದು ವರ್ಣತಂತು ಕಳೆದುಕೊಂಡು ಬದುಕುವುದೇ ಕಷ್ಟವಾಗುತ್ತಿತ್ತು. ಗೋಧಿಯಲ್ಲಿ ಮೂರು ಅಡಕಲುಗಳಿರುವುದರಿಂದ ಒಂದರ ಕೊರತೆಯನ್ನು ಉಳಿದೆರಡು ತಕ್ಕಮಟ್ಟಿಗೆ ತುಂಬಿಕೊಡುತ್ತವೆ. ಈ ಕೆಲಸದ ಸಮಗ್ರ ವಿವರವನ್ನು ಅವರು 1954ರಲ್ಲಿ ಪ್ರಕಟಿಸಿದರು. ಬೇಕೆಂದವರಿಗೆ ಬೀಜವನ್ನೂ ಕೊಟ್ಟರು. ಜಗತ್ತಿನ ಗೋಧಿ ವಿಜ್ಞಾನ ಆ ಬೀಜದ ಮೇಲೆ ಬೆಳೆಯಿತು.

ಈ ಒಂಟಿ ಗಡಿಗೆಯ ಮನೆಗಳಿಂದ ಏನು ಪ್ರಯೋಜನ? ರೋಗ ತಡೆಯುವ ಗೋಧಿಯೊಂದು ನಮ್ಮಲ್ಲಿದೆ ಎನ್ನಿ. ಅದರ ಪರಾಗವನ್ನು ಈ 21 ಮನೆಗಳ ಗಿಡಗಳಿಗೂ ಹಾಕುತ್ತೇವೆ. ಹುಟ್ಟಿದ ಮಕ್ಕಳಲ್ಲಿ, ತಾಯಿಯ ಕಡೆಯಿಂದ ಆ ಒಂದು ಗಡಿಗೆ ಬಾರದವುಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಿ ಆರಿಸಿಕೊಳ್ಳುತ್ತೇವೆ. ಅವುಗಳನ್ನು ಬೆಳೆಸಿ, ಮೊಮ್ಮಕ್ಕಳಿಗೆ ರೋಗ ಹತ್ತಿಸಿ ಲೆಕ್ಕ ಮಾಡುತ್ತೇವೆ. ತಡೆಯುವ ಗುಣ ಪ್ರಬಲವಾದುದಾದರೆ ಸಾಮಾನ್ಯವಾಗಿ ನಾಲ್ಕರಲ್ಲಿ ಮೂರು ಗಿಡ ರೋಗ ತಡೆಯುತ್ತವೆ, ಒಂದು ಸೋಲುತ್ತದೆ. ಇದು ಮೆಂಡಲ್ ಹೇಳಿದ ಹಳೆಯ ಲೆಕ್ಕ. 20 ಮನೆಗಳಲ್ಲಿ ಈ ಲೆಕ್ಕವೇ ಬರುತ್ತದೆ. ಒಂದು ಮನೆಯಲ್ಲಿ ಮಾತ್ರ ಬರುವುದಿಲ್ಲ. ಅಲ್ಲಿ ನೂರಕ್ಕೆ ಮೂರೋ ನಾಲ್ಕೋ ಬಿಟ್ಟು ಉಳಿದವೆಲ್ಲವೂ ರೋಗ ತಡೆಯುತ್ತವೆ. ಏಕೆಂದರೆ ಆ ಮನೆಯ ಮಕ್ಕಳಲ್ಲಿ ಆ ಗಡಿಗೆ ಇದ್ದುದು ಒಂದೇ, ಅದೂ ರೋಗ ತಡೆಯುವ ತಂದೆಯದು. ಅದು ಬಂದ ಮೊಮ್ಮಗು ಗೆದ್ದಿತು. ಅದೂ ಬಾರದ ಕೆಲವೇ ಕೆಲವು ಸೋತುವು. ಲೆಕ್ಕ ಎಲ್ಲಿ ತಪ್ಪಿತೋ ಅಲ್ಲಿಯೇ ಉತ್ತರ. ಮಾಸ್ತರರು ಲೆಕ್ಕ ತಪ್ಪಿದುದಕ್ಕೆ ಸಂತೋಷಪಡುವ ಸಂದರ್ಭ ಜಗತ್ತಿನಲ್ಲಿ ಇದೊಂದೇ ಇದ್ದೀತು!

ಈಗ ನಮ್ಮ ಜವೆಯ ಕಡೆಗೆ ಬರೋಣ. ಕಾಂಡದ ತುಕ್ಕು ರೋಗದಲ್ಲಿ ಹಲವು ಉಪಜಾತಿಗಳುಂಟು. ಯಾವುದು ಯಾವುದೆಂದು ತಿಳಿಯಲು ಅಮೆರಿಕದ ಸ್ಟಾಕ್‌ಮನ್ ಮತ್ತು ಅವರ ಸಂಗಡಿಗರು 1920ರ ದಶಕದ ಆರಂಭದಲ್ಲಿಯೇ ಹನ್ನೆರಡು ಗೋಧಿಗಳ ಒಂದು ಪರೀಕ್ಷಾಮಂಡಲಿಯನ್ನು ಗೊತ್ತುಮಾಡಿದ್ದರು. ಹೊಸ ರೋಗ ಕಂಡರೆ ಅದನ್ನು ಹನ್ನೆರಡಕ್ಕೂ ಹತ್ತಿಸುವುದು, ಯಾರು ಸೋತರು, ಯಾರು ಗೆದ್ದರು ಎಂದು ನೋಡಿ ರೋಗದ ಜಾತಿಯನ್ನು ನಿರ್ಣಯಿಸುವುದು. ಆ ಮಂಡಲಿಯ ಹನ್ನೆರಡು ಮಂದಿಯಲ್ಲಿ ಒಬ್ಬನ ಹೆಸರು ‘ಖಪ್ಲಿ’. ಭಾರತದಿಂದ ಹೋದ ಜವೆ ಗೋಧಿ ಅದು. ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಹೊಲಗಳಿಂದಲೇ ಹೋಯಿತೆಂದು ನಾನು ಹೇಳುವುದಿಲ್ಲ. ಆದರೆ ನಮ್ಮ ಜವೆಯ ಕುಲಬಂಧು, ಹೆಸರೂ ನಮ್ಮ ನೆರೆಯವರ ಬಾಯಿಯದು. ಬೇರೆ ಬೇರೆ ಗೋಧಿಗಳು ಸೋತ ಕಡೆಯೂ ಖಪ್ಲಿ ನಿಲ್ಲುತ್ತಿತ್ತು.

ಅದನ್ನು ಕಂಡ ಆಸ್ಟ್ರೇಲಿಯದವರು ಖಪ್ಲಿಯನ್ನು ತಮ್ಮ ಸ್ಟೈನ್‌ವೆಡೆಲ್ ಎಂಬ ಗೋಧಿಯೊಡನೆ ಕೂಡಿಸಿ ‘ಖಪ್‌ಸ್ಟೈನ್’ ಎಂಬ ತಳಿಯನ್ನು ಪಡೆದರು. ಹೆಸರಿನಲ್ಲಿಯೇ ಬೀಗತನ ಕಾಣುತ್ತದೆ. ಖಪ್‌ಸ್ಟೈನ್‌ನಲ್ಲಿ ಎಷ್ಟು ಜೀನುಗಳು ಕೆಲಸ ಮಾಡುತ್ತಿವೆಯೆಂಬುದನ್ನು 1962ರಲ್ಲಿ ಕೆನಡಾದ ನಾಟ್ ಎಂಬವರು ಬಿಡಿಸಿದರು. ಖಪ್ಲಿಯಿಂದ ಬಂದ ಒಂದು ಜೀನಿಗೆ ಎಸ್‌ಆರ್ 13 ಎಂದೂ ಇನ್ನೊಂದಕ್ಕೆ ಎಸ್‌ಆರ್ 14 ಎಂದೂ ಹೆಸರಾಯಿತು. ಎಸ್‌ಆರ್ ಎಂದರೆ ಕಾಂಡದ ತುಕ್ಕು ಎಂಬುದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು. 1972ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ಮ್ಯಾಕಿಂಟಾಶ್ ಅವರು ಎಸ್‌ಆರ್ 13 ಇರುವ ಗಡಿಗೆಯನ್ನು ಗುರುತಿಸಿದರು: 6ಎ. ಎಸ್‌ಆರ್ 14 ಇದ್ದುದು 1ಬಿ ವರ್ಣತಂತುವಿನ ಮೇಲೆ.

ಇಷ್ಟಾಗಿ ಕಾಲು ಶತಮಾನದವರೆಗೆ ಇದು ವಿದ್ವಾಂಸರ ಪಟ್ಟಿಯಲ್ಲಿ ಒಂದು ಸಾಲಾಗಿ ಉಳಿಯಿತು. ಕಾಂಡದ ತುಕ್ಕು ಜಗತ್ತಿನಲ್ಲಿ ಹತೋಟಿಗೆ ಬಂದಂತಾಗಿತ್ತು. ಎಸ್‌ಆರ್ 31 ಎಂಬ ಬೇರೊಂದು ಜೀನನ್ನು ರೈ ಎಂಬ ಧಾನ್ಯದಿಂದ ತಂದು ಎಲ್ಲೆಲ್ಲಿಯೂ ಬಳಸಿದ್ದರು. 1998ರಲ್ಲಿ ಉಗಾಂಡಾದ ಹೊಲಗಳಲ್ಲಿ ಅದೇ ಎಸ್‌ಆರ್ 31 ಇದ್ದ ಗೋಧಿಗಳಿಗೆ ತುಕ್ಕು ಹತ್ತಿತು. ಹೊಸ ಉಪಜಾತಿಗೆ ಯುಜಿ 99 ಎಂದು ಹೆಸರಿಟ್ಟರು. ಅದು ಕೆನ್ಯಾ, ಇಥಿಯೋಪಿಯಾಗಳಿಗೆ ಹಬ್ಬಿತು. ಕೆಂಪು ಸಮುದ್ರವನ್ನು ದಾಟಿ ಯೆಮೆನ್‌ಗೆ ಬಂತು. 2007ರಲ್ಲಿ ಇರಾನ್ ತಲುಪಿತು. ಒಂದೇ ಬೀಗವನ್ನು ಊರ ಮನೆಗಳಿಗೆಲ್ಲ ಹಾಕಿದ್ದರೆ, ಕಳ್ಳನಿಗೆ ಒಂದು ಕೀಲಿ ಸಿಕ್ಕರೆ ಸಾಕಷ್ಟೆ.

ಆಗ ಎಲ್ಲರೂ ಹಳೆಯ ಪಟ್ಟಿಗಳನ್ನು ಹುಡುಕಿದರು. ಯಾವ ಹಳೆಯ ಜೀನು ಇದಕ್ಕೆ ಎದುರು ನಿಲ್ಲುತ್ತದೆ? ನಿಂತ ಕೆಲವರಲ್ಲಿ ಖಪ್ಲಿಯ ಎಸ್‌ಆರ್ 13 ಒಂದು. ಇಥಿಯೋಪಿಯಾದ ಗೋಧಿಗಳಲ್ಲಿಯೂ, ಅನೇಕ ಡ್ಯೂರಂ ತಳಿಗಳಲ್ಲಿಯೂ ಅದೇ ಜೀನು ಕಾವಲು ನಿಂತಿದ್ದುದು ತಿಳಿದುಬಂತು. ಇದರ ಇನ್ನೊಂದು ಸ್ವಭಾವ ನಮಗೆ ಹಿಡಿಸುವಂಥದು: ಚಳಿಗಿಂತ ಸೆಕೆಯಲ್ಲಿ ಇದರ ಶಕ್ತಿ ಹೆಚ್ಚು. 2017ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳ ತಂಡವೊಂದು 6ಎ ಗಡಿಗೆಯೊಳಗಿನ ಆ ಒಂದು ಕಾಳನ್ನೇ ಬೇರ್ಪಡಿಸಿ, ಅದರ ರಚನೆಯನ್ನು ಅಕ್ಷರ ಅಕ್ಷರವಾಗಿ ಓದಿ ಪ್ರಕಟಿಸಿತು. ಕುಟ್ಟುವ ಹೆಂಗಸರು, ಕಾಪಿಟ್ಟ ಒಕ್ಕಲಿಗರು, ಸ್ಟಾಕ್‌ಮನ್, ನಾಟ್, ಮ್ಯಾಕಿಂಟಾಶ್, ಇವರೆಲ್ಲರ ಸಾಲಿನ ಕೊನೆಯಲ್ಲಿ ಆ ಓದು ನಿಂತಿದೆ.

ಈಗ ಹಿರಿಯರ ಪ್ರಶ್ನೆಗೆ ನೇರವಾಗಿ ಬರುತ್ತೇನೆ. ಗುಣ ಇದೆಯೆಂದು ತಿಳಿದರೆ ಸಾಲದೆ? ಎಲ್ಲಿದೆಯೆಂದು ಏಕೆ ತಿಳಿಯಬೇಕು?

ಸಾಲದು. ಒಂದೇ ಬೀಗ ಹಾಕಿದರೆ ಏನಾಗುತ್ತದೆಯೆಂಬುದನ್ನು ಉಗಾಂಡಾ ತೋರಿಸಿದೆ. ಎಸ್‌ಆರ್ 13ನ್ನು ಸೋಲಿಸುವ ರೋಗದ ಉಪಜಾತಿಗಳೂ ಇಥಿಯೋಪಿಯಾದಲ್ಲಿ ಈಗಾಗಲೇ ಕಂಡಿವೆ. ಆದುದರಿಂದ ಒಂದು ಗೋಧಿಯಲ್ಲಿ ಎರಡು, ಮೂರು, ನಾಲ್ಕು ಜೀನುಗಳನ್ನು ಒಟ್ಟಿಗೆ ಇರಿಸಬೇಕು. ರೋಗ ಒಂದನ್ನು ಗೆದ್ದರೂ ಇನ್ನೊಂದು ತಡೆಯಬೇಕು. ಇಲ್ಲಿಯೇ ತೊಡಕಿರುವುದು. ಒಂದು ಜೀನು ಇರುವ ಗಿಡವೂ ಮೂರು ಇರುವ ಗಿಡವೂ ಹೊಲದಲ್ಲಿ ಒಂದೇ ತೆರನಾಗಿ ಹಸುರಾಗಿ ನಿಂತಿರುತ್ತವೆ. ರೋಗ ಎರಡಕ್ಕೂ ಹತ್ತಿಲ್ಲ. ಎಂಥ ನುರಿತ ಕಣ್ಣಿಗೂ ಯಾವುದು ಒಂದರದು, ಯಾವುದು ಮೂರರದು ಎಂಬುದು ತಿಳಿಯದು. ತಿಳಿಯುವ ಹೊತ್ತಿಗೆ, ಎಂದರೆ ಹೊಸ ರೋಗ ಬಂದು ಒಂದು ಜೀನಿನ ಗಿಡ ಬೀಳುವ ಹೊತ್ತಿಗೆ, ಬೆಳೆ ಕೈಬಿಟ್ಟಿರುತ್ತದೆ. ಮನೆಯಲ್ಲಿ ಕಾಳಿದೆ ಎಂದು ಗೊತ್ತಿದ್ದರೆ ಇಂದಿನ ಅಡಿಗೆಗೆ ಸಾಕು, ನಿಜ. ಆದರೆ ಮಗಳನ್ನು ಕೊಟ್ಟ ಮನೆಗೆ ಬೀಜ ಕಳಿಸಬೇಕಾದಾಗ, ಕತ್ತಲಲ್ಲಿ, ಬೇರೆ ಕಾಳು ಬೆರೆಯದಂತೆ ಅದೊಂದನ್ನೇ ತೆಗೆದುಕೊಡಬೇಕಾದಾಗ, ಯಾವ ಗಡಿಗೆ ಎಂಬುದು ತಿಳಿದಿರಲೇಬೇಕು.

ಗಡಿಗೆ ತಿಳಿದ ಮೇಲೆ ಅದರ ಮೇಲೆ ಗುರುತು ಹಾಕಬಹುದು. ಹಿಂದೆ ಇಂಥ ಗುರುತುಗಳಲ್ಲಿ ಕೆಲವು ಕಣ್ಣಿಗೇ ಕಾಣುತ್ತಿದ್ದುವು. ಮ್ಯಾಕ್‌ಫ್ಯಾಡೆನ್ ಅವರು 1910ರ ದಶಕದಲ್ಲಿ ಇನ್ನೊಂದು ಜವೆಯ ಜಾತಿಯಿಂದ ಸಾಮಾನ್ಯ ಗೋಧಿಗೆ ತಂದ ಎಸ್‌ಆರ್ 2 ಎಂಬ ಜೀನು 3ಬಿ ವರ್ಣತಂತುವಿನ ಮೇಲಿದೆ. ಅದು ಇದ್ದ ಗಿಡದ ತೆನೆಯ ಹೊಟ್ಟಿನ ಮೇಲೂ ಗಿಣ್ಣಿನ ಕೆಳಗೂ ಅನೇಕ ವೇಳೆ ಕಪ್ಪು ಛಾಯೆ ಮೂಡುತ್ತದೆ. ದೃಷ್ಟಿಬೊಟ್ಟಿನಂಥ ಆ ಕಪ್ಪನ್ನು ನೋಡಿಯೇ ತಳಿಗಾರರು ಗಿಡವನ್ನು ಆರಿಸುತ್ತಿದ್ದರು. ಎಲ್ಲ ಜೀನುಗಳಿಗೂ ಇಂಥ ಬೊಟ್ಟಿರುವುದಿಲ್ಲ. ಈಗ ಜೀನಿನ ನೆರೆಯಲ್ಲಿರುವ ಡಿಎನ್‌ಎ ಅಕ್ಷರಗಳನ್ನೇ ಬೊಟ್ಟಾಗಿ ಬಳಸುತ್ತಾರೆ. ಸಸಿ ಎರಡೆಲೆ ಬಿಟ್ಟಾಗ ಎಲೆಯ ಒಂದು ಚೂರನ್ನು ಕತ್ತರಿಸಿ ಪರೀಕ್ಷಿಸಿದರೆ ಸಾಕು. ಈ ಸಸಿಯಲ್ಲಿ 6ಎ ಮೇಲಿನದು ಇದೆ, 3ಬಿ ಮೇಲಿನದು ಇದೆ, ಇನ್ನೊಂದು ಇಲ್ಲ ಎಂದು ರೋಗ ಬರುವ ಮೊದಲೇ ಹೇಳಬಹುದು.

ಈ ಕೆಲಸಕ್ಕೆ ದೊಡ್ಡ ಆಸರೆಯಾಗಿ ಒದಗಿದುದು ಗೋಧಿಯ ಪೂರ್ಣ ಅಕ್ಷರಮಾಲೆ. ಮನುಷ್ಯನ ಡಿಎನ್‌ಎ ಸುಮಾರು 300 ಕೋಟಿ ಅಕ್ಷರಗಳದು. ಸಾಮಾನ್ಯ ಗೋಧಿಯದು ಅದರ ಐದು ಪಟ್ಟಿಗೂ ಮಿಗಿಲು. ತಿನ್ನುವವನಿಗಿಂತ ತಿನ್ನಿಸಿಕೊಳ್ಳುವ ಹುಲ್ಲಿನ ಗ್ರಂಥವೇ ದೊಡ್ಡದು! ಹಲವು ದೇಶಗಳ ವಿಜ್ಞಾನಿಗಳು ವರ್ಣತಂತುಗಳನ್ನು ಹಂಚಿಕೊಂಡು ಓದಿದರು. ಭಾರತದ ಪಾಲಿಗೆ ಬಂದುದು 2ಎ. ಲೂಧಿಯಾನದ ಪಂಜಾಬ್ ಕೃಷಿ ವಿಶ್ವವಿದ್ಯಾಲಯದವರೂ ದೆಹಲಿಯ ವಿಜ್ಞಾನಿಗಳೂ ಸೇರಿ ಆ ಪಾಲನ್ನು ಸಲ್ಲಿಸಿದರು. 2018ರ ಆಗಸ್ಟಿನಲ್ಲಿ ಪೂರ್ಣ ನಕ್ಷೆ ಪ್ರಕಟವಾಯಿತು. 1,07,891 ಜೀನುಗಳ ಸ್ಥಾನ ಅದರಲ್ಲಿದೆ. ಓದಿದ ಗೋಧಿ ಯಾವುದು? ಸಿಯರ್ಸ್ ಅವರ ಅದೇ ‘ಚೈನೀಸ್ ಸ್ಪ್ರಿಂಗ್’.

ರೋಗದ ಮಾತಷ್ಟೇ ಅಲ್ಲ. ಜಪಾನಿನ ‘ನೋರಿನ್ 10’ ಎಂಬ ಗಿಡ್ಡ ಗೋಧಿಯಿಂದ ಬಂದು ಹಸುರು ಕ್ರಾಂತಿಗೆ ಕಾರಣವಾದ ಎರಡು ಜೀನುಗಳು 4ಬಿ ಮತ್ತು 4ಡಿ ವರ್ಣತಂತುಗಳ ಮೇಲಿವೆ. ಗಿಡ ಗಿಡ್ಡವಾದುದರಿಂದ ಗೊಬ್ಬರ, ನೀರು ಕೊಟ್ಟರೂ ನೆಲಕ್ಕೊರಗಲಿಲ್ಲ. ಕಾಳು ಹೊಟ್ಟಿನಿಂದ ಸಲೀಸಾಗಿ ಬಿಡುವ ಗುಣಕ್ಕೆ ಮುಖ್ಯ ಕಾರಣವಾದ ಕ್ಯೂ ಎಂಬ ಜೀನು 5ಎ ಮೇಲಿದೆ. ಜವೆಯಲ್ಲಿ ಅದರ ಹಳೆಯ ರೂಪವೇ ಉಳಿದಿರುವುದರಿಂದ ಒರಳು, ಒನಕೆ ಬೇಕಾಯಿತು. ಕಾಳಿನ ಪ್ರೋಟೀನು, ಕಬ್ಬಿಣ, ಸತುಗಳನ್ನು ಹೆಚ್ಚಿಸುವ ಜೀನೊಂದು ಕಾಡು ಜವೆಯ 6ಬಿ ವರ್ಣತಂತುವಿನಲ್ಲಿ ಸಿಕ್ಕಿತು. 2006ರಲ್ಲಿ ಅದನ್ನು ಬೇರ್ಪಡಿಸಿದರು. ಆದರೆ ಎಲ್ಲ ಗುಣಗಳೂ ಹೀಗೆ ಒಂದೊಂದು ಗಡಿಗೆಯಲ್ಲಿ ಒಂದೊಂದು ಕಾಳಾಗಿ ಕುಳಿತಿರುತ್ತವೆಂದು ತಿಳಿಯಬಾರದು. ಬರವನ್ನು ತಾಳುವ ಶಕ್ತಿ, ಇಳುವರಿ, ಹುಗ್ಗಿಯ ರುಚಿ, ಇವು ಹಲವು ಗಡಿಗೆಗಳಿಂದ ಒಂದೊಂದು ಹಿಡಿ ಸೇರಿ ಆದ ಅಡಿಗೆ. ಹಿಂಗಾರಿ ಹಸಿಯ ಮೇಲೆಯೇ ಬದುಕುತ್ತಿದ್ದ ಬಿಜಗದ ಗುಟ್ಟನ್ನು ಒಂದು ವರ್ಣತಂತುವಿನ ಹೆಸರು ಹೇಳಿ ಮುಗಿಸುವಂತಿಲ್ಲ.

ನಮ್ಮ ಧಾರವಾಡದ ಗೋಧಿ ತಳಿಗಾರರು ಜವೆಯನ್ನು ಕೈಬಿಡಲಿಲ್ಲವೆಂಬುದು ಸಮಾಧಾನದ ಸಂಗತಿ. ಹಳೆಯ ಜವೆ ಎತ್ತರವಾಗಿ ಬೆಳೆದು, ನೀರು ಕೊಟ್ಟರೆ ಒರಗಿಬಿಡುತ್ತಿತ್ತು. ಡಿ.ಡಿ.ಕೆ. 1001, 1009, 1025, 1029 ಎಂಬ ಗಿಡ್ಡ ಜವೆ ತಳಿಗಳು ಧಾರವಾಡದಲ್ಲಿಯೇ ಸಿದ್ಧವಾದುವು. ‘ಧಾರವಾಡ ಡೈಕೊಕಂ’ ಎಂಬುದು ಹೆಸರಿನಲ್ಲಿಯೇ ಇದೆ. ಜವೆಯ ಕಾಳು ನಿಧಾನವಾಗಿ ಜೀರ್ಣವಾಗುವುದೆಂಬ ಕಾರಣಕ್ಕೆ ಪಟ್ಟಣದವರೂ ಈಗ ಅದನ್ನು ಕೇಳಿ ಕೊಳ್ಳುತ್ತಾರೆ.

ಆದರೂ ಒಂದು ಅಳುಕು ಉಳಿದೇ ಇದೆ. ಖಪ್ಲಿಯ ಗುಣವನ್ನು ಪತ್ತೆಮಾಡಲು ಸಾಧ್ಯವಾದುದು, ಅದು ಯಾವುದೋ ಹೊಲದಲ್ಲಿ ಉಳಿದಿದ್ದುದರಿಂದ. ಉಳಿಸಿದವರಿಗೆ ಎಸ್‌ಆರ್ 13ರ ಹೆಸರು ಗೊತ್ತಿರಲಿಲ್ಲ. ಹುಗ್ಗಿಯ ರುಚಿ ಗೊತ್ತಿತ್ತು. 1972ರಲ್ಲಿ ಅದರ ಗಡಿಗೆ ತಿಳಿಯಿತು. ಅದು ಯಾವ ಹೊಸ ಶತ್ರುವಿಗೆ ಮದ್ದಾಗುವುದೆಂದು ಆಗ ಯಾರಿಗೂ ತಿಳಿಯದು. ಅಷ್ಟರಲ್ಲಿ ಬೀಜ ಅಳಿದುಹೋಗಿದ್ದರೆ ನಮ್ಮ ಕೈಯಲ್ಲಿ ಗಡಿಗೆಯ ಸಂಖ್ಯೆ ಇರುತ್ತಿತ್ತು, ಗಡಿಗೆ ಇರುತ್ತಿರಲಿಲ್ಲ. ನಮ್ಮ ಹಳ್ಳಿಗಳ ಹಳೆಯ ಜವೆ, ಹಳೆಯ ಬಿಜಗಗಳಲ್ಲಿ ಇನ್ನೂ ಯಾರೂ ಓದದ ಗುಣಗಳು ಎಷ್ಟಿವೆಯೋ. ದೆಹಲಿಯ ರಾಷ್ಟ್ರೀಯ ಬೀಜಭಂಡಾರದಲ್ಲಿ ಇಂಥ ಬೀಜಗಳನ್ನು ಒಣಗಿಸಿ, ಶೂನ್ಯಕ್ಕಿಂತ 18 ಡಿಗ್ರಿ ಕೆಳಗಿನ ಚಳಿಯಲ್ಲಿ ಕಾಪಿಡುತ್ತಾರೆ. ಅದು ಅವಶ್ಯ. ಆದರೆ ಅಲ್ಲಿನ ಬೀಜ ಮಲಗಿರುವ ಬೀಜ. ವರ್ಷವರ್ಷವೂ ನಮ್ಮ ಎರೆಮಣ್ಣು, ನಮ್ಮ ಸೆಕೆ, ನಮ್ಮ ಗಾಳಿಯ ತುಕ್ಕಿನೊಡನೆ ಸೆಣಸುವ ಬೀಜ ಹೊಲದಲ್ಲಿ ಮಾತ್ರ ಇರಲು ಸಾಧ್ಯ.

ಹಾಗೆ ಇರಿಸಿಕೊಂಡವರಿಗೆ ಸಲ್ಲಬೇಕಾದುದು ಏನು? 2001ರಲ್ಲಿ ಬಂದ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ, ಬೀಜವನ್ನು ಉಳಿಸಿಕೊಳ್ಳುವ, ಬಿತ್ತುವ, ಹಂಚಿಕೊಳ್ಳುವ ಹಕ್ಕನ್ನು ರೈತರಿಗೆ ಕೊಟ್ಟಿದೆ. ಹಳೆಯ ತಳಿಗಳನ್ನು ಕಾಪಾಡಿದವರಿಗೆ ಮನ್ನಣೆ, ಪುರಸ್ಕಾರಗಳನ್ನೂ ಹೇಳಿದೆ. ಖಪ್ಲಿಯನ್ನು ಕಾಪಿಟ್ಟವರು ಯಾರೆಂಬುದು ಯಾವ ಕಾಗದದಲ್ಲಿಯೂ ಇಲ್ಲ. ಮುಂದಿನ ಬೀಜದ ವಿಷಯದಲ್ಲಿಯಾದರೂ ಕಾಪಿಟ್ಟವರ ಊರು, ಹೆಸರು ಬರೆದಿಟ್ಟುಕೊಳ್ಳುವುದು ಕಷ್ಟದ ಕೆಲಸವಲ್ಲ.

ಆ ಹಿರಿಯರು ಈ ಮಾತುಗಳನ್ನು ಕೇಳುತ್ತಿದ್ದಾರೋ ಇಲ್ಲವೋ ನಾನರಿಯೆ. ಕೇಳುತ್ತಿದ್ದರೆ ಅವರಿಗೆ ಇಷ್ಟು ಹೇಳುತ್ತೇನೆ: ಯಜಮಾನರೆ, ಗಡಿಗೆ ಯಾವುದೆಂದು ಹುಡುಕುವುದು ನಮ್ಮ ಕೆಲಸ. ಹುಡುಕಿ, ಗುರುತು ಹಾಕಿ, ಒಂದಕ್ಕೆ ಇನ್ನೊಂದನ್ನು ಸೇರಿಸಿ, ರೋಗಕ್ಕೆ ಸೋಲದ ಬೀಜವನ್ನು ನಿಮಗೆ ಹಿಂದಕ್ಕೆ ತಂದುಕೊಡಬೇಕಾದುದೂ ನಮ್ಮ ಕೆಲಸವೇ. ಅದನ್ನು ಮಾಡದಿದ್ದರೆ ನಿಮ್ಮ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿಲ್ಲ. ಗಡಿಗೆ ಬರಿದಾಗದಂತೆ ನೋಡಿಕೊಳ್ಳುವುದು ನಿಮ್ಮ ಕೈಯಲ್ಲಿದೆ. ಈ ಸಲದ ಹಿಂಗಾರಿಯಲ್ಲಿ ಹೊಲದ ಒಂದು ಮೂಲೆಗಾದರೂ ಹಳೆಯ ಜವೆಯನ್ನು ಬಿತ್ತಿರಿ. ಹುಗ್ಗಿಗೆಂದು ಬಿತ್ತಿದರೂ ಸರಿಯೆ.